ಮಾರಿಕುಪ್ಪಂ ಎಂಬ ಗಣಿಯೂರು

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಅದನ್ನು ಅಗೆದ ಆಳದ ಅಡಿಗಳಿಂದಲೂ ತೆಗೆದ ಹೊನ್ನಿನ ತೂಕದಿಂದಲೂ ಅಳೆದಿದ್ದಾರೆ. ಆ ಅಳತೆಯೊಳಗೆ ಊರು ಕಾಣಿಸುವುದು ಅಪರೂಪ. ಬಂಗಾರಪೇಟೆಯಲ್ಲಿ ಕವಲೊಡೆದ ರೈಲುಹಾದಿ ಕೊನೆಗಾಣುವೆಡೆಯಲ್ಲಿರುವ ಮಾರಿಕುಪ್ಪವು ದೊಡ್ಡ ಗಣಿಗಳು ಹುಟ್ಟುವುದಕ್ಕೆ ಮೊದಲೂ ಇದ್ದು, ಅವು ಮುಚ್ಚಿದ ತರುವಾಯವೂ ಉಳಿದುಕೊಂಡಿರುವ ಗ್ರಾಮ. ಅದರ ಎರಡು ಶತಮಾನಗಳ ಏಳುಬೀಳುಗಳನ್ನು ಅನುಕ್ರಮವಾಗಿ ನೋಡುತ್ತ ಬಂದರೆ, ನೆಲದೊಳಗಿನ ಸಂಪತ್ತು ಯಾರ ಶ್ರಮದಿಂದ ಮೇಲೇರಿ ಯಾರ ಕೈ ಸೇರಿತೆಂಬುದೂ, ಊರಿನ ಪಾಲಿಗೆ ಏನು ಉಳಿಯಿತೆಂಬುದೂ ತಿಳಿದುಬರುತ್ತದೆ.

ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸಂಸ್ಥಾನದ ಪೂರ್ವದ ಎಲ್ಲೆಯನ್ನು ಗುರುತಿಸುವ ಕಾರ್ಯಕ್ಕೆ ನಿಯುಕ್ತನಾಗಿದ್ದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಈ ಪ್ರಾಂತಕ್ಕೆ ಬಂದಾಗ, ಇಲ್ಲಿಯ ಮಣ್ಣಿನಲ್ಲಿ ಚಿನ್ನವಿದೆಯೆಂಬ ಜನವಾರ್ತೆ ಅವನ ಕಿವಿಗೆ ಬಿದ್ದಿತು. ಉರಿಗಾಮಿನ ಹಳ್ಳಿಗರು ಮಣ್ಣನ್ನು ನೀರಿನಲ್ಲಿ ತೊಳೆದು ಹೊನ್ನಿನ ಕಣಗಳನ್ನು ಅವನಿಗೆ ತೋರಿಸಿದರು. ಮಾರಿಕುಪ್ಪದ ಬಳಿಯಲ್ಲಿ ಅವನು ಕಂಡುದು ಇನ್ನೂ ಗಮನಾರ್ಹವಾದುದು: ಗಂಡಸರು ಆಳವಾದ ಗುಂಡಿಗಳಿಗಿಳಿದು ಕಲ್ಲನ್ನು ಒಡೆದು ಬುಟ್ಟಿಗಳಲ್ಲಿ ತುಂಬಿ ಕೈಯಿಂದ ಕೈಗೆ ದಾಟಿಸುತ್ತ ಮೇಲಕ್ಕೆ ಕಳುಹಿಸುತ್ತಿದ್ದರು, ಹೆಂಗಸರು ಅದನ್ನು ಹಾಸುಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ, ನೀರಿನೆಡೆಗೆ ಒಯ್ದು ಜಾಲಿಸುತ್ತಿದ್ದರು. ಸಮಾಜವು ಅಸ್ಪೃಶ್ಯರೆಂದು ಊರ ಹೊರಗಿರಿಸಿದ್ದ ಜನರ ವಿದ್ಯೆಯಾಗಿತ್ತು ಅದು. ಈ ಚಿನ್ನವನ್ನು ‘ಕಂಡುಹಿಡಿದವರ’ ಹೆಸರುಗಳನ್ನು ನಾವು ಎಣಿಸುವಾಗ, ಹೆಸರಿಲ್ಲದ ಈ ಗಂಡಸರನ್ನೂ ಹೆಂಗಸರನ್ನೂ ಮೊದಲ ಸಾಲಿನಲ್ಲಿ ನಿಲ್ಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ವಾರನ್ನನ ವರದಿಯನ್ನು ಎಷ್ಟೋ ಕಾಲಾನಂತರ ಓದಿದ ಲವೆಲ್ ಎಂಬ ಮಾಜಿ ಸೈನಿಕನು, ಬೆಂಗಳೂರಿನಲ್ಲಿ ನೆಲಸಿದ್ದವನು, 1870ರ ದಶಕದಲ್ಲಿ ಸರ್ಕಾರದಿಂದ ಗಣಿಗಾರಿಕೆಯ ಅನುಮತಿಯನ್ನು ಪಡೆದನು. ಅವನಲ್ಲಿ ಹಣವಿರಲಿಲ್ಲ, ಹಕ್ಕು ಕೈಯಿಂದ ಕೈಗೆ ಸಾಗಿ, 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತಕ್ಕೆ ಬಂದಿತು. ಮೊದಲ ವರ್ಷಗಳಲ್ಲಿ ಬಂಡವಾಳವೆಲ್ಲ ಕರಗಿ ಕಂಪನಿಗಳು ಆಸೆ ತೊರೆಯುವ ಸ್ಥಿತಿಗೆ ಬಂದಿದ್ದಾಗ, ಪುಷ್ಕಲವಾದ ಅದಿರಿನ ಪದರ ದೊರೆತುದು ಪ್ರಾಚೀನರು ಅಗೆದು ಬಿಟ್ಟಿದ್ದ ಹಳೆಯ ಗುಂಡಿಗಳ ಅಡಿಯಲ್ಲಿಯೇ ಎಂಬುದನ್ನು ಮರೆಯಲಾಗದು.

ಅಲ್ಲಿಂದ ಮುಂದೆ ಮಾರಿಕುಪ್ಪದ ಸ್ವರೂಪ ಬಲು ಬೇಗ ಬದಲಾಯಿತು. 1894ರಲ್ಲಿ ಹತ್ತು ಮೈಲಿಯ ರೈಲುಹಾದಿ ಬಂದಿತು; ಪಾಲಾರ್ ನದಿಯ ನೀರು ಬೇತಮಂಗಲದಿಂದ ಕೊಳವೆಗಳಲ್ಲಿ ಹರಿದು ಬಂದಿತು; 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಉತ್ಪನ್ನವಾದ ವಿದ್ಯುಚ್ಛಕ್ತಿ 92 ಮೈಲಿಗಳ ತಂತಿಯ ಮೂಲಕ ಗಣಿಯ ಯಂತ್ರಗಳನ್ನು ತಲಪಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು ಅದಕ್ಕೆ ಮೂರು ವರ್ಷ ತರುವಾಯ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರೂ ಇಟಲಿಯವರೂ ಬಂದರು. ಅಧಿಕಾರಿಗಳಿಗೆ ಹೂದೋಟದ ಬಂಗಲೆಗಳೂ ಕ್ಲಬ್ಬೂ ಎದ್ದವು. ಕೂಲಿಗೆಂದು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಸಾವಿರಾರು ಕುಟುಂಬಗಳು ಬಂದವು. ಅವರಿಗೆ ದೊರೆತುದು ಬಿದಿರು ತಟ್ಟಿಯ ಗುಡಿಸಲುಗಳು. ಅವುಗಳ ಸಾಲುಗಳಿಗೆ ‘ಲೈನು’ ಎಂಬ ಹೆಸರು ನಿಂತಿತು.

ಹೀಗೆ ಬಂದವರಲ್ಲಿ ಹೆಚ್ಚಿನವರು ದಲಿತರು. ಗಣಿಯ ದುಡಿಮೆ ಎಷ್ಟು ಕ್ರೂರವಾಗಿದ್ದರೂ, ಊರಿನ ಜಮೀನ್ದಾರನ ಜೀತದಿಂದ ಬಿಡುಗಡೆ, ಕೈಗೆ ನಗದು ಸಂಬಳ, ಮಕ್ಕಳಿಗೆ ಶಾಲೆಯ ಅವಕಾಶ, ಇವು ಅದರೊಡನೆ ಲಭಿಸಿದುವು. ಪಂಡಿತ ಅಯೋತ್ತಿದಾಸರು ಮದರಾಸಿನಲ್ಲಿ ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘದ ಶಾಖೆಯೊಂದು 1907ರಷ್ಟು ಹಿಂದೆಯೇ ಮಾರಿಕುಪ್ಪದಲ್ಲಿ ತಲೆಯೆತ್ತಿತು. ಅಂಬೇಡ್ಕರರ ಧರ್ಮಾಂತರಕ್ಕೆ ಸುಮಾರು ಅರ್ಧ ಶತಮಾನ ಮುನ್ನ, ಹಗಲೆಲ್ಲ ಕತ್ತಲೆಯ ಸುರಂಗದಲ್ಲಿ ಬಂಡೆ ಒಡೆದ ಜನ ಸಮಾನತೆಯ ಧರ್ಮವನ್ನು ಕುರಿತು ಇಲ್ಲಿ ಚರ್ಚೆ ನಡೆಸಿದರೆಂಬ ಸಂಗತಿ, ಕನ್ನಡ ನಾಡಿನ ವಿಚಾರಚರಿತ್ರೆಯಲ್ಲಿ ತಕ್ಕ ಸ್ಥಾನವನ್ನು ಇಂದಿಗೂ ಪಡೆದಿಲ್ಲ. ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಕಟ್ಟಳೆಯನ್ನು ಪ್ರತಿಭಟಿಸಿ 1930ರಲ್ಲಿ ಗಣಿಯ ಕೆಲಸವನ್ನೇ ನಿಲ್ಲಿಸಿದ ಧೈರ್ಯ ಇಂತಹ ಮಣ್ಣಿನಲ್ಲಿ ಬೆಳೆದುದು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಇಲ್ಲಿಯ ಕಾರ್ಮಿಕರು ಪ್ರಾಣ ತೆತ್ತರು.

ಆಳಕ್ಕೆ ಇಳಿದಂತೆಲ್ಲ ಅಪಾಯವೂ ಹೆಚ್ಚುತ್ತಲಿದ್ದಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರನ್ನೂ ಮೀರಿದ ಆಳಕ್ಕೆ ಹೋಯಿತು. ಅಲ್ಲಿಯ ಶಿಲೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿದ್ದುದರಿಂದ ಮೇಲಿನಿಂದ ತಂಪು ಗಾಳಿಯನ್ನು ಊದಬೇಕಾಗಿತ್ತು. ಅಗಾಧವಾದ ಒತ್ತಡಕ್ಕೆ ಸಿಕ್ಕ ಬಂಡೆ ಮುನ್ಸೂಚನೆಯಿಲ್ಲದೆ ಸಿಡಿದಾಗ ಕೆಳಗಿದ್ದವರು ಸಮಾಧಿಯಾಗುತ್ತಿದ್ದರು, ಮೇಲೆ ಮನೆಗಳು ನಡುಗುತ್ತಿದ್ದುವು. ಕಲ್ಲಿನ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ರೋಗವಂತೂ ಸದ್ದಿಲ್ಲದೆ ಕೊಂದಿತು: 1940ರ ದಶಕದ ವೈದ್ಯಕೀಯ ತಪಾಸಣೆಯಲ್ಲಿ ಪರೀಕ್ಷಿತರಾದ ಹತ್ತು ಮಂದಿಯಲ್ಲಿ ನಾಲ್ವರಿಗಿಂತ ಹೆಚ್ಚು ಜನರಲ್ಲಿ ಅದು ಕಂಡುಬಂದಿತು. ಅದೇ ಆಳವನ್ನು ಆಶ್ರಯಿಸಿ 1965ರಲ್ಲಿ ವಿಜ್ಞಾನಿಗಳು ವಾಯುಮಂಡಲದಲ್ಲಿ ಜನಿಸಿದ ನ್ಯೂಟ್ರಿನೋ ಕಣಗಳನ್ನು ಪತ್ತೆಹಚ್ಚಿದುದು ಜಗತ್ತಿನ ಭೌತವಿಜ್ಞಾನಕ್ಕೆ ಸಂದ ಗೌರವ. ಆ ಪ್ರಯೋಗಶಾಲೆಗೆ ದಾರಿಯನ್ನು ಕೊರೆದ ಕೈಗಳಿಗೂ ಅದರಲ್ಲಿ ಪಾಲುಂಟು.

ಅವಸಾನದ ಕಥೆ ಸಂಕ್ಷಿಪ್ತವಾದುದು. 1956ರಲ್ಲಿ ಮೈಸೂರು ಸರ್ಕಾರವೂ 1962ರಲ್ಲಿ ಕೇಂದ್ರವೂ ಗಣಿಗಳನ್ನು ವಹಿಸಿಕೊಂಡುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ರೂಪುಗೊಂಡಿತು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತ, ಆಳದಿಂದ ತೆಗೆಯುವ ವೆಚ್ಚ ಏರುತ್ತ ಹೋಗಿ, ಒಟ್ಟು 800 ಟನ್ನುಗಳಷ್ಟು ಚಿನ್ನವನ್ನು ಕೊಟ್ಟ ನೆಲದಲ್ಲಿ 2001ರ ಫೆಬ್ರವರಿ 28ರಂದು ಕೆಲಸ ನಿಂತುಹೋಯಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ಏರಿತು.

ಊರಿನ ಪಾಲಿಗೆ ಕಣ್ಣಿಗೆ ಕಾಣುವಂತೆ ಉಳಿದುದು ಸೈನೈಡ್ ದಿಬ್ಬಗಳು. ಚಿನ್ನವನ್ನು ಸೋಸಿ ಚೆಲ್ಲಿದ ಆ ನುಣುಪಾದ ಹುಡಿ ಆಷಾಢದ ಗಾಳಿಗೆ ಎದ್ದು ಅಡುಗೆಮನೆಗಳಿಗೂ ಎದೆಗಳಿಗೂ ನುಗ್ಗುತ್ತದೆ. ಚಲನಚಿತ್ರದವರು ಅಲ್ಲಿ ಚಿತ್ರೀಕರಣಕ್ಕೆ ಬಂದು ಹೋಗುತ್ತಾರೆ; ದಿಬ್ಬಗಳ ಮೇಲೆ ಹಸಿರು ಹಿಡಿಸುವ ಕಾರ್ಯ ಮಾತ್ರ ಇಷ್ಟು ವರ್ಷಗಳಲ್ಲಿ ಆಗಬೇಕಾದಷ್ಟು ಆಗಲಿಲ್ಲವೆಂಬುದು ವ್ಯಥೆಯ ವಿಷಯ. ಚಿನ್ನ ಹೊರಗೆ ಹೋಗುವಾಗ ದಾರಿಯನ್ನು ಎಷ್ಟು ಶೀಘ್ರವಾಗಿ ನಿರ್ಮಿಸಿದರೆಂಬುದನ್ನು ನೆನೆದರೆ ಈ ವ್ಯಥೆ ಇಮ್ಮಡಿಯಾಗುತ್ತದೆ.

ಆದರೂ ಜನ ಊರನ್ನು ಬಿಟ್ಟು ಚದುರಲಿಲ್ಲ. ಗಣಿಗಾರರ ಮಕ್ಕಳೂ ಮೊಮ್ಮಕ್ಕಳೂ ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿನ ಕಾರ್ಖಾನೆ, ಅಂಗಡಿ, ಕಚೇರಿಗಳಲ್ಲಿ ದುಡಿದು ರಾತ್ರಿ ಹಿಂದಿರುಗುತ್ತಾರೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷು, ಪೇಟೆಯಲ್ಲಿ ತೆಲುಗನ್ನೂ ಆಡಬಲ್ಲ ಈ ಜನ ಬೇರೆಡೆ ಬಾಡಿಗೆ ಹಿಡಿಯದೆ ಇಲ್ಲಿಗೇ ಮರಳುವುದಕ್ಕೆ ಅಗ್ಗದ ಬದುಕೊಂದೇ ಕಾರಣವೆನ್ನಲಾಗದು. ಅವರ ಗುಡಿ, ಇಗರ್ಜಿ, ಬುದ್ಧವಿಹಾರ, ಹಿರಿಯರ ಗೋರಿಗಳು, ಎಲ್ಲವೂ ಇಲ್ಲಿವೆ. ನಾಲ್ಕೈದು ತಲೆಮಾರು ವಾಸಿಸಿದ ಲೈನುಮನೆಗಳು ತಮ್ಮ ಹೆಸರಿಗಾಗಬೇಕೆಂದು ಅವರು ಗಣಿ ಮುಚ್ಚಿದಂದಿನಿಂದ ಕೇಳುತ್ತಲೇ ಬಂದಿದ್ದಾರೆ. ಆ ಬೇಡಿಕೆಯಷ್ಟು ನ್ಯಾಯಸಮ್ಮತವಾದುದು ಮತ್ತೊಂದಿಲ್ಲ.