ಬಳ್ಳಾರಿ ಸೀಮೆಯ ದನಕುರಿಗಳ ಪೂರ್ವೇತಿಹಾಸ: ವಂಶವಾಹಿಗಳ ಸಾಕ್ಷ್ಯ

೧

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿದ್ದರೂ, ಇತಿಹಾಸದ ದೃಷ್ಟಿಯಿಂದ ಹಳೆಯ ಬಳ್ಳಾರಿ ಸೀಮೆಯ ಭಾಗವೆಂದೇ ಪರಿಗಣಿಸಬೇಕಾದವು. ಈ ಪ್ರದೇಶದ ಚರಿತ್ರೆಯನ್ನು ಬರೆದವರು ಬಾಗಳಿ, ಕೋಗಳಿ, ಕುರುವತ್ತಿ ಮೊದಲಾದೆಡೆಗಳ ಶಾಸನಗಳನ್ನೂ ಪಾಳೆಯಗಾರರ ಕಾಲದ ದಾಖಲೆಗಳನ್ನೂ ಮುಖ್ಯ ಆಧಾರಗಳನ್ನಾಗಿ ಇಟ್ಟುಕೊಂಡಿದ್ದಾರೆ. ಅರಸರ ಬಿರುದು, ದೇವಾಲಯಕ್ಕೆ ಬಿಟ್ಟ ಭೂಮಿ, ದಾನಿಗಳ ವಂಶಾವಳಿ ಇವೆಲ್ಲವೂ ಅಲ್ಲಿ ದೊರೆಯುತ್ತವೆ. ಆದರೆ ಮಳೆ ಕಡಿಮೆಯಾದ ಈ ನೆಲದಲ್ಲಿ ದನಕುರಿಗಳನ್ನೇ ನೆಚ್ಚಿ ಬಾಳಿದ ಜನರ ವಿಷಯದಲ್ಲಿ ಶಾಸನಗಳು ಬಹುಮಟ್ಟಿಗೆ ಮೌನವಾಗಿವೆ. ಕನ್ನಡ ನಾಡಿನ ತುರುಗೋಳು ಕಾಳಗದ ವೀರಗಲ್ಲುಗಳು ಮಡಿದ ವೀರನ ಹೆಸರನ್ನು ಹೇಳುತ್ತವೆ. ಅವನು ಯಾವ ತುರುಗಳಿಗಾಗಿ ಮಡಿದನೋ ಅವು ಎಲ್ಲಿಂದ ಬಂದವೆಂಬುದನ್ನು ಹೇಳುವುದಿಲ್ಲ.

ಈ ಮೌನವನ್ನು ಮುರಿಯಬಲ್ಲ ಹೊಸದೊಂದು ಆಧಾರ ಕಳೆದ ಮೂರು ದಶಕಗಳಲ್ಲಿ ದೊರೆತಿದೆ. ಅದು ಪ್ರಾಣಿಗಳ ಜೀವಕೋಶಗಳಲ್ಲಿಯೇ ಅಡಗಿರುವ ವಂಶವಾಹಿಗಳ ಸಾಕ್ಷ್ಯ. ಅದರ ಮೂಲತತ್ವಗಳನ್ನು ವಿವರಿಸಿ, ಬಳ್ಳಾರಿ ಸೀಮೆಯ ಪಶುಪಾಲನೆಯ ಇತಿಹಾಸಕ್ಕೆ ಅದು ಎಷ್ಟರ ಮಟ್ಟಿಗೆ ನೆರವಾಗುತ್ತದೆ, ಎಲ್ಲಿ ನೆರವಾಗಲಾರದು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

೨

ಈ ಸೀಮೆಯ ಪಶುಪಾಲನೆಯ ಪ್ರಾಚೀನತೆಗೆ ಪ್ರಬಲವಾದ ನಿದರ್ಶನ ಬೂದಿದಿಬ್ಬಗಳು. ಬಳ್ಳಾರಿ-ಹೊಸಪೇಟೆ ರಸ್ತೆಯ ಮೇಲಿನ ಕುಡತಿನಿ, ಬಳ್ಳಾರಿಯ ಸಮೀಪದ ಕಪ್ಪಗಲ್ಲು, ಹಂಪೆಯ ಬಳಿಯ ನಿಂಬಾಪುರ ಮೊದಲಾದೆಡೆ ಇಂಥ ದಿಬ್ಬಗಳಿವೆ. ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನರು ನಂಬುತ್ತ ಬಂದಿದ್ದಾರೆ. ೧೮೪೩ರಲ್ಲಿ ನ್ಯೂಬೋಲ್ಡ್ ಈ ದಿಬ್ಬಗಳ ಕಡೆಗೆ ವಿದ್ವಾಂಸರ ಗಮನ ಸೆಳೆದನು. ವಿಜಯನಗರದ ಚರಿತ್ರಕಾರನಾದ ರಾಬರ್ಟ್ ಸೀವೆಲ್ ಇವನ್ನು ಮಧ್ಯಯುಗದ ಶವಸಂಸ್ಕಾರದೊಡನೆ ಸಂಬಂಧಿಸಿದನು. ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇವು ನವಶಿಲಾಯುಗದ ಜನರು ದನಗಳನ್ನು ಕೂಡಿಹಾಕಿದ ಸ್ಥಳಗಳಲ್ಲಿ ಸುಟ್ಟ ಸಗಣಿಯ ರಾಶಿಗಳೆಂದು ನಿರ್ಣಯಿಸಿದನು. ಕುಡತಿನಿಯ ಬೂದಿಯನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದ ಝಾಯ್ನರ್ ೧೯೬೦ರಲ್ಲಿ ಈ ನಿರ್ಣಯವನ್ನು ಸಮರ್ಥಿಸಿದನು. ಉತ್ನೂರಿನಲ್ಲಿ ಉತ್ಖನನ ನಡೆಸಿದ ಆಲ್ಚಿನ್ ೧೯೬೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ದಕ್ಷಿಣ ಭಾರತದ ನವಶಿಲಾಯುಗದವರನ್ನು ಗೋಪಾಲಕರೆಂದೇ ಕರೆದನು. ಅಲ್ಲಿ ದನಗಳ ಗೊರಸಿನ ಗುರುತುಗಳೂ ದೊರೆತಿದ್ದವು. ದಕ್ಷಿಣದ ನವಶಿಲಾಯುಗ ಸುಮಾರು ಕ್ರಿ. ಪೂ. ೩೦೦೦ರಿಂದ ೧೨೦೦ರವರೆಗಿನದು.

ಹೀಗೆ ದನಗಳು ಇಲ್ಲಿ ಇದ್ದುದು ಸಿದ್ಧವಾಯಿತು. ಆದರೆ ಆ ದನಗಳು ಹೊರಗಿನಿಂದ ಬಂದವೇ, ಈ ಉಪಖಂಡದ ಕಾಡುದನಗಳಿಂದಲೇ ಪಳಗಿದವೇ ಎಂಬ ಪ್ರಶ್ನೆಗೆ ಬೂದಿಯಲ್ಲಿ ಉತ್ತರವಿರಲಿಲ್ಲ. ಪಶುಪಾಲನೆಯ ಜನ್ಮಸ್ಥಾನ ಪಶ್ಚಿಮ ಏಷ್ಯ ಒಂದೇ ಎಂದೂ, ಡುಬ್ಬದ ದನವೂ ಅಲ್ಲಿಂದ ಹೊರಟ ತಳಿಯ ರೂಪಾಂತರವೆಂದೂ ಅನೇಕ ವಿದ್ವಾಂಸರು ಭಾವಿಸಿದ್ದರು. ಈ ಪ್ರಶ್ನೆಯನ್ನು ಬಗೆಹರಿಸಲು ತಳಿಶಾಸ್ತ್ರದ ಸಹಾಯ ಬೇಕಾಯಿತು.

೩

ತಳಿಶಾಸ್ತ್ರದ ಅಡಿಗಲ್ಲನ್ನು ಇಟ್ಟವನು ಗ್ರೆಗರ್ ಮೆಂಡೆಲ್. ೧೮೬೫ರಲ್ಲಿ ಓದಿ ಮರುವರ್ಷ ಪ್ರಕಟಿಸಿದ ತನ್ನ ಲೇಖನದಲ್ಲಿ ಅವನು ಬಟಾಣಿ ಗಿಡಗಳ ಪ್ರಯೋಗವನ್ನು ವಿವರಿಸಿದನು. ಎತ್ತರದ ಗಿಡವನ್ನು ಕುಳ್ಳು ಗಿಡದೊಡನೆ ಸಂಕರಗೊಳಿಸಿದಾಗ ಮೊದಲ ತಲೆಮಾರಿನವೆಲ್ಲ ಎತ್ತರವಾಗಿದ್ದವು. ಎರಡನೆಯ ತಲೆಮಾರಿನಲ್ಲಿ ಸುಮಾರು ಮೂರು ಎತ್ತರದ ಗಿಡಗಳಿಗೆ ಒಂದರಂತೆ ಕುಳ್ಳು ಗಿಡ ಮರಳಿ ಕಾಣಿಸಿಕೊಂಡಿತು. ಅಂದರೆ ತಾಯಿತಂದೆಗಳ ಗುಣಗಳು ಹಾಲುನೀರಿನಂತೆ ಬೆರೆತು ಹೋಗುವುದಿಲ್ಲ. ಅವು ಬೇರೆ ಬೇರೆ ಘಟಕಗಳಾಗಿ ಉಳಿದು, ಕೆಲವೊಮ್ಮೆ ಮರೆಯಾಗಿದ್ದು, ಮುಂದಿನ ಪೀಳಿಗೆಗೆ ಸಲ್ಲುತ್ತವೆ. ಈ ಘಟಕಗಳೇ ವಂಶವಾಹಿಗಳು. ಇತಿಹಾಸದ ವಿದ್ಯಾರ್ಥಿಗೆ ಈ ತತ್ವ ಬಹಳ ಮುಖ್ಯ: ಸಂಕರವಾದ ಮಾತ್ರಕ್ಕೆ ಪೂರ್ವಿಕರ ಗುರುತು ಅಳಿಸಿಹೋಗುವುದಿಲ್ಲ.

ಮೆಂಡೆಲನ ಶೋಧನೆ ೧೯೦೦ರವರೆಗೆ ಮರೆತುಹೋಗಿತ್ತು. ಅನಂತರ ವಂಶವಾಹಿಗಳು ಕೋಶಕೇಂದ್ರದೊಳಗಿನ ವರ್ಣತಂತುಗಳ ಮೇಲೆ ಇವೆಯೆಂಬುದೂ, ೧೯೪೪ರಲ್ಲಿ ಏವರಿ ಮತ್ತು ಸಂಗಡಿಗರ ಪ್ರಯೋಗದಿಂದ ಅವು ಡಿ.ಎನ್.ಎ. ಎಂಬ ದ್ರವ್ಯದಿಂದಾದವೆಂಬುದೂ ತಿಳಿದುಬಂದಿತು. ರೋಸಲಿಂಡ್ ಫ್ರಾಂಕ್ಲಿನ್ ಮತ್ತು ಮಾರಿಸ್ ವಿಲ್ಕಿನ್ಸ್ ಅವರ ಕ್ಷಕಿರಣ ಚಿತ್ರಗಳ ನೆರವಿನಿಂದ ವಾಟ್ಸನ್ ಮತ್ತು ಕ್ರಿಕ್ ೧೯೫೩ರಲ್ಲಿ ಅದರ ರಚನೆಯನ್ನು ನಿರೂಪಿಸಿದರು. ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡಿವೆ. ಎಳೆಗಳ ನಡುವೆ ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್ ಎಂಬ ನಾಲ್ಕು ಘಟಕಗಳು ಮೆಟ್ಟಿಲುಗಳಂತೆ ಜೋಡಿಗೊಂಡಿವೆ. ಇವನ್ನು ನಾಲ್ಕು ಅಕ್ಷರಗಳ ಲಿಪಿಯೆಂದು ಭಾವಿಸಿದರೆ ವಿಷಯ ಸುಲಭವಾಗುತ್ತದೆ. ಶಾಸನಪಾಠವನ್ನು ಪ್ರತಿಮಾಡುವ ಲಿಪಿಕಾರನು ಅಲ್ಲೊಂದು ಇಲ್ಲೊಂದು ಅಕ್ಷರವನ್ನು ತಪ್ಪಿ ಬರೆಯುವಂತೆ, ತಲೆಮಾರಿನಿಂದ ತಲೆಮಾರಿಗೆ ಈ ಲಿಪಿ ಪ್ರತಿಯಾಗುವಾಗಲೂ ವಿರಳವಾಗಿ ಅಕ್ಷರ ಬದಲಾಗುತ್ತದೆ. ಒಂದೇ ಸ್ಖಾಲಿತ್ಯವುಳ್ಳ ಎರಡು ಓಲೆಪ್ರತಿಗಳು ಒಂದೇ ಮಾತೃಕೆಯಿಂದ ಬಂದವೆಂದು ಗ್ರಂಥಸಂಪಾದಕನು ಊಹಿಸುವಂತೆಯೇ, ಒಂದೇ ಬದಲಾವಣೆಯನ್ನು ಹೊತ್ತ ಎರಡು ಪ್ರಾಣಿಗಳಿಗೆ ಸಮಾನ ಪೂರ್ವಿಕರಿದ್ದರೆಂದು ತಳಿಶಾಸ್ತ್ರಜ್ಞನು ಊಹಿಸುತ್ತಾನೆ. ಭೇದಗಳು ಹೆಚ್ಚಿದಷ್ಟೂ ಶಾಖೆಗಳು ಬೇರ್ಪಟ್ಟ ಕಾಲ ಹಿಂದಕ್ಕೆ ಹೋಗುತ್ತದೆ.

ಪರೀಕ್ಷೆಗೆ ತುಸು ರಕ್ತವೋ ಬೇರುಸಹಿತವಾದ ಕೂದಲೋ ಸಾಕು. ೧೯೮೩ರಲ್ಲಿ ಕ್ಯಾರಿ ಮುಲ್ಲಿಸ್ ರೂಪಿಸಿದ ಪಿ.ಸಿ.ಆರ್. ವಿಧಾನದಿಂದ ಬೇಕಾದ ಭಾಗವನ್ನು ಲಕ್ಷಾಂತರ ಪ್ರತಿಗಳಾಗಿ ಬೆಳೆಸಿ, ಸ್ಯಾಂಗರ್ ೧೯೭೭ರಲ್ಲಿ ಕಂಡುಹಿಡಿದ ರೀತಿಯಿಂದಲೋ ಅನಂತರದ ಯಂತ್ರಗಳಿಂದಲೋ ಅಕ್ಷರಗಳನ್ನು ಓದುತ್ತಾರೆ. ಇತಿಹಾಸಕ್ಕೆ ವಿಶೇಷವಾಗಿ ಒದಗುವ ಭಾಗಗಳು ಎರಡು. ಕೋಶಕೇಂದ್ರದ ಹೊರಗಿನ ಮೈಟೋಕಾಂಡ್ರಿಯದಲ್ಲಿ ಇರುವ ಡಿ.ಎನ್.ಎ. ತಾಯಿಯಿಂದ ಮಾತ್ರ ಬರುತ್ತದೆ. ದನಗಳಲ್ಲಿ ಇದರ ಉದ್ದ ಸುಮಾರು ೧೬,೩೦೦ ಅಕ್ಷರಗಳು. ವೈ ವರ್ಣತಂತು ತಂದೆಯಿಂದ ಗಂಡುಕರುವಿಗೆ ಮಾತ್ರ ಸಲ್ಲುತ್ತದೆ. ಮೊದಲನೆಯದು ಹಸುವಿನ ವಂಶಾವಳಿ, ಎರಡನೆಯದು ಹೋರಿಯ ವಂಶಾವಳಿ. ಉಳಿದ ವರ್ಣತಂತುಗಳಲ್ಲಿ ಎರಡೂ ಕಡೆಯವರ ಪಾಲು ಬೆರೆತಿರುತ್ತದೆ.

೪

೧೯೯೪ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಲಾಫ್ಟಸ್, ಬ್ರಾಡ್ಲಿ ಮೊದಲಾದವರು ಯೂರೋಪು, ಆಫ್ರಿಕ, ಭಾರತಗಳ ದನಗಳ ಮೈಟೋಕಾಂಡ್ರಿಯದ ಡಿ.ಎನ್.ಎ.ಯನ್ನು ಹೋಲಿಸಿ ನೋಡಿದರು. ಭಾರತದ ಡುಬ್ಬದ ದನಗಳದು ಒಂದು ಶಾಖೆ, ಉಳಿದವುಗಳದು ಮತ್ತೊಂದು ಶಾಖೆ ಎಂಬುದು ಸ್ಪಷ್ಟವಾಯಿತು. ಈ ಎರಡು ಶಾಖೆಗಳು ಬೇರ್ಪಟ್ಟದ್ದು ಕನಿಷ್ಠ ಎರಡು ಲಕ್ಷ ವರ್ಷಗಳ ಹಿಂದೆ. ಮನುಷ್ಯನು ದನವನ್ನು ಪಳಗಿಸಿದ್ದಾದರೋ ಕಳೆದ ಹತ್ತು ಸಾವಿರ ವರ್ಷಗಳ ಈಚೆಗೆ. ಆದುದರಿಂದ ಅವು ಬೇರ್ಪಟ್ಟದ್ದು ಕಾಡಿನಲ್ಲಿ. ಪಳಗಿದ್ದು ಬೇರೆ ಬೇರೆ ಸ್ಥಳಗಳಲ್ಲಿ, ಬೇರೆ ಬೇರೆ ಜನರಿಂದ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ದೊರೆತ ಮೂಳೆಗಳೂ ಡುಬ್ಬದ ದನವನ್ನು ಉಪಖಂಡದೊಳಗೇ ಪಳಗಿಸಿದರೆಂಬುದನ್ನು ಸಮರ್ಥಿಸುತ್ತವೆ. ೨೦೧೦ರಲ್ಲಿ ಪ್ರಕಟವಾದ ವಿಸ್ತಾರವಾದ ಅಧ್ಯಯನವೊಂದು ಡುಬ್ಬದ ದನಗಳಲ್ಲಿ ಎರಡು ಮಾತೃಶಾಖೆಗಳನ್ನು ಗುರುತಿಸಿತು. ಒಂದರ ಮೂಲ ಸಿಂಧೂ ಬಯಲಿನ ಕಡೆಗೆ ಬೊಟ್ಟು ಮಾಡುತ್ತದೆ. ಇನ್ನೊಂದಕ್ಕೆ ಉಪಖಂಡದ ಬೇರೆ ಭಾಗಗಳ ಕಾಡುಹಸುಗಳು ಸೇರಿಕೊಂಡಿರಬಹುದು. ದಕ್ಷಿಣ ಭಾರತವೂ ಆ ಸಾಧ್ಯತೆಯಿಂದ ಹೊರತಲ್ಲ. ಬೂದಿದಿಬ್ಬಗಳ ಗೋಪಾಲಕರು ಕೇವಲ ಅನ್ಯರಿಂದ ಕಲಿತವರೆಂಬ ಹಳೆಯ ಕಲ್ಪನೆಯನ್ನು ಇನ್ನು ಪ್ರಶ್ನಿಸದೆ ಒಪ್ಪಲಾಗದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಬ್ರೆಜಿಲ್ ದೇಶದ ನೆಲೋರ್ ತಳಿ ತನ್ನ ಹೆಸರನ್ನು ನಮ್ಮ ನೆರೆಯ ನೆಲ್ಲೂರಿನಿಂದ ಪಡೆದಿದೆ. ಡುಬ್ಬ, ಗಂಗೆದೊಗಲು, ಮೈಕಟ್ಟು ಎಲ್ಲವೂ ಭಾರತೀಯವೇ. ಆದರೆ ಆ ದನಗಳಲ್ಲಿ ಬಹುಪಾಲಿನ ಮಾತೃಶಾಖೆ ಯೂರೋಪಿನದು. ಭಾರತದಿಂದ ಹೋದ ಹೋರಿಗಳನ್ನು ಅಲ್ಲಿದ್ದ ಹಸುಗಳ ಮೇಲೆ ತಲೆಮಾರುಗಟ್ಟಲೆ ಬಿಟ್ಟುದರ ಫಲವಿದು. ಆಫ್ರಿಕದ ಡುಬ್ಬದ ದನಗಳ ಕಥೆಯೂ ಇದೇ. ಸುಮಾರು ೪,೨೦೦ ವರ್ಷಗಳ ಹಿಂದೆ ಪಶ್ಚಿಮ ಏಷ್ಯದ ದನಗಳಲ್ಲಿ ಭಾರತೀಯ ಅಂಶ ಹಠಾತ್ತನೆ ಕಾಣಿಸಿಕೊಂಡುದೂ ಮುಖ್ಯವಾಗಿ ಹೋರಿಗಳ ಮೂಲಕವೇ ಎಂದು ೨೦೧೯ರಲ್ಲಿ ಪ್ರಕಟವಾದ ಪ್ರಾಚೀನ ಮೂಳೆಗಳ ಪರೀಕ್ಷೆ ತೋರಿಸಿದೆ. ಮಾತೃಶಾಖೆಯೊಂದನ್ನೇ ನೋಡಿ ತೀರ್ಪುಕೊಟ್ಟಿದ್ದರೆ ನೆಲೋರ್ ದನವನ್ನು ಯೂರೋಪಿನದೆಂದು ಬರೆಯಬೇಕಾಗುತ್ತಿತ್ತು. ಒಂದೇ ಶಾಸನದಿಂದ ರಾಜವಂಶದ ಚರಿತ್ರೆಯನ್ನು ಕಟ್ಟಬಾರದೆಂಬ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.

೫

ದನದ ದೊಡ್ಡಿಯ ಪಕ್ಕದಲ್ಲಿಯೇ ಕುರಿಯ ಹಟ್ಟಿಯಿದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರುವ ಕುರುಬ ಭಕ್ತರನ್ನೂ ಕಂಬಳಿ ತೊಟ್ಟ ಗೊರವರನ್ನೂ ನೋಡಿದವರಿಗೆ, ಕುರಿ ಈ ನೆಲದಲ್ಲಿಯೇ ಹುಟ್ಟಿದ ಪ್ರಾಣಿಯೆಂದು ತೋರುವುದು ಸಹಜ. ಬಳ್ಳಾರಿ ಕುರಿಯೆಂಬ ಹೆಸರಿನ ಸ್ವತಂತ್ರ ತಳಿಯೇ ಉಂಟು. ಬಳ್ಳಾರಿ, ದಾವಣಗೆರೆ, ಹಾವೇರಿ, ಚಿತ್ರದುರ್ಗ ಸೀಮೆಗಳಲ್ಲಿ ಹರಡಿರುವ ಅದರ ಒರಟು ಉಣ್ಣೆ ಕಂಬಳಿಗೆ ಹೇಳಿಮಾಡಿಸಿದಂತಿದೆ. ಆದರೆ ವಂಶವಾಹಿಗಳು ಬೇರೆಯೇ ಕಥೆಯನ್ನು ಹೇಳುತ್ತವೆ. ಸಾಕುಕುರಿಯ ಪೂರ್ವಿಕ ಪಶ್ಚಿಮ ಏಷ್ಯದ ಮೌಫ್ಲಾನ್ ಎಂಬ ಕಾಡುಕುರಿ. ಉಪಖಂಡದ ವಾಯವ್ಯದ ಕಾಡುಕುರಿಯಾದ ಉರಿಯಲ್ ಅದಕ್ಕೆ ಮಾತೃಶಾಖೆಯನ್ನು ಕೊಟ್ಟಿಲ್ಲ. ಸುಮಾರು ಹತ್ತು ಹನ್ನೊಂದು ಸಾವಿರ ವರ್ಷಗಳ ಹಿಂದೆ ಅಲ್ಲಿ ಪಳಗಿದ ಕುರಿ ಕೈಯಿಂದ ಕೈಗೆ, ಹಟ್ಟಿಯಿಂದ ಹಟ್ಟಿಗೆ ಸಾಗುತ್ತ ದಖ್ಖನಿಗೆ ಬಂದಿತು. ನವಶಿಲಾಯುಗದ ನೆಲೆಗಳಲ್ಲಿ ದನದ ಮೂಳೆಗಳೊಡನೆ ಕುರಿಮೇಕೆಗಳ ಮೂಳೆಗಳೂ ದೊರೆಯುವುದರಿಂದ ಈ ಆಗಮನವೂ ಬಹು ಪ್ರಾಚೀನವಾದುದೇ.

ಹೀಗೆ ಒಬ್ಬನೇ ಪಶುಪಾಲಕನು ಕಾಯುವ ಎರಡು ಮಂದೆಗಳಲ್ಲಿ ಒಂದು ಉಪಖಂಡದ ಕಾಡಿನಿಂದ ಬಂದುದು, ಇನ್ನೊಂದು ದೂರದ ಬೆಟ್ಟಗಳಿಂದ ಬಂದುದು. ಎರಡೂ ಅವನವೇ. ಸ್ವದೇಶೀಯವೆಂಬುದು ಮೂಲದಿಂದ ಮಾತ್ರ ನಿರ್ಣಯವಾಗುವ ಗುಣವಲ್ಲ. ಸಾವಿರಾರು ವರ್ಷಗಳ ಪಾಲನೆ, ಆಯ್ಕೆ, ಬರಗಾಲಗಳೂ ಅದನ್ನು ನಿರ್ಮಿಸುತ್ತವೆ.

೬

ಇದೇ ವಿಧಾನವನ್ನು ಮನುಷ್ಯರಿಗೆ ಅನ್ವಯಿಸಿದಾಗ ಹೆಚ್ಚಿನ ಎಚ್ಚರ ಬೇಕು. ವಂಶವಾಹಿಗಳಿಂದ ತಮ್ಮ ಜಾತಿಯ ಶುದ್ಧತೆಯನ್ನೋ ಪ್ರಾಚೀನತೆಯನ್ನೋ ಸಾಧಿಸಬೇಕೆಂಬ ಆಸೆ ಅನೇಕರಲ್ಲಿ ಕಂಡುಬರುತ್ತದೆ. ದೊರೆತಿರುವ ಪ್ರಮಾಣಗಳು ಈ ಆಸೆಗೆ ಅನುಕೂಲವಾಗಿಲ್ಲ. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ತಂಗರಾಜ್, ಲಾಲ್‌ಜಿ ಸಿಂಗ್ ಮೊದಲಾದವರೂ ಅಮೆರಿಕದ ವಿದ್ವಾಂಸರೂ ಕೂಡಿ ೨೦೦೯ರಲ್ಲಿಯೂ ೨೦೧೩ರಲ್ಲಿಯೂ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಪರೀಕ್ಷೆಗೊಳಗಾದ ಭಾರತದ ಬಹುತೇಕ ಎಲ್ಲ ಸಮುದಾಯಗಳೂ ಪ್ರಾಚೀನ ಜನವರ್ಗಗಳ ಮಿಶ್ರಣದಿಂದಲೇ ಆದವು. ಸುಮಾರು ೪,೨೦೦ರಿಂದ ೧,೯೦೦ ವರ್ಷಗಳ ಹಿಂದಿನ ಅವಧಿಯಲ್ಲಿ ಈ ಮಿಶ್ರಣ ವ್ಯಾಪಕವಾಗಿ ನಡೆದು, ಅನಂತರವೇ ಒಳವಿವಾಹದ ಕಟ್ಟು ಬಿಗಿಯಾಯಿತು. ಬೇಲಿ ಬಂದುದು ಬೆರೆತ ಮೇಲೆ.

ಬೇಲಿಯ ಪರಿಣಾಮವೂ ವಂಶವಾಹಿಗಳಲ್ಲಿ ದಾಖಲಾಗಿದೆ. ಚಿಕ್ಕ ಗುಂಪಿನೊಳಗೇ ತಲೆಮಾರುಗಟ್ಟಲೆ ಮದುವೆಗಳಾದಾಗ, ಮೆಂಡೆಲನ ಕುಳ್ಳು ಗಿಡದಂತೆ ಮರೆಯಾಗಿದ್ದ ದೋಷ ತಾಯಿತಂದೆ ಇಬ್ಬರಿಂದಲೂ ಬಂದು ಮಗುವಿನಲ್ಲಿ ಪ್ರಕಟವಾಗುವ ಸಂಭವ ಹೆಚ್ಚುತ್ತದೆ. ಸೋದರಮಾವ ಸೊಸೆಯರ ವಿವಾಹ ರೂಢಿಯಲ್ಲಿರುವ ನಮ್ಮ ನಾಡಿಗೆ ಇದು ಕೇವಲ ಪುಸ್ತಕದ ವಿಷಯವಲ್ಲ. ಆದರೆ ಭಾಷೆ, ದೈವ, ಬೆಡಗು, ಹೆಸರು ಇವು ಯಾವುವೂ ಡಿ.ಎನ್.ಎ.ಯಲ್ಲಿ ಬರೆದಿರುವುದಿಲ್ಲ. ಅವುಗಳಿಗೆ ಶಾಸನವನ್ನೂ ಜನಪದರ ಬಾಯಿಮಾತನ್ನೂ ಕೇಳಬೇಕು. ನಮ್ಮ ಹವೆಯ ಉಷ್ಣ ಪ್ರಾಚೀನ ಮೂಳೆಗಳ ಡಿ.ಎನ್.ಎ.ಯನ್ನು ಬೇಗ ಕೆಡಿಸುತ್ತದೆಂಬ ಮಿತಿಯೂ ಉಂಟು. ಹರಿಯಾಣದ ರಾಖಿಗಢಿಯಲ್ಲಿ ಹಲವು ಹತ್ತು ಅಸ್ಥಿಭಾಗಗಳನ್ನು ಪರೀಕ್ಷಿಸಿದ ಮೇಲೆ, ೨೦೧೯ರಲ್ಲಿ ಪ್ರಕಟಿಸಲು ಸಾಧ್ಯವಾದುದು ಒಬ್ಬಳೇ ಸ್ತ್ರೀಯ ಡಿ.ಎನ್.ಎ.ಯನ್ನು. ಬೂದಿದಿಬ್ಬಗಳ ಸುಟ್ಟ ಸಗಣಿಯಿಂದ ಅಷ್ಟನ್ನೂ ನಿರೀಕ್ಷಿಸುವಂತಿಲ್ಲ.

೭

ಹಳೆಯ ಮೂಳೆಗಳು ಮಾತನಾಡದಿದ್ದಾಗ ಜೀವಂತ ಮಂದೆಗಳೇ ನಮಗೆ ಪತ್ರಾಗಾರ. ಕೂಡ್ಲಿಗಿ ತಾಲ್ಲೂಕಿನಲ್ಲಿಯೂ ನೆರೆಯ ಮೊಳಕಾಲ್ಮುರು, ಚಳ್ಳಕೆರೆಗಳಲ್ಲಿಯೂ ಮ್ಯಾಸಬೇಡರು ದೇವರ ಎತ್ತುಗಳ ಮಂದೆಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಕಿಲಾರಿಗಳು ಮೇಯಿಸುವ ಈ ದನಗಳನ್ನು ಉಳುಮೆಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಆಚಾರದ ಕಟ್ಟಿನಿಂದ ಹೊರಗಿನ ತಳಿಯ ಬೆರಕೆಗೆ ಅವಕಾಶ ಕಡಿಮೆಯಾದ್ದರಿಂದ, ಇಂಥ ಮಂದೆಗಳು ಇತಿಹಾಸದ ಅಮೂಲ್ಯ ಆಧಾರಗಳು.

ಆದರೆ ಅವು ಅಪಾಯದಿಂದ ಮುಕ್ತವಲ್ಲ. ಮಂದೆಯ ಬಲವನ್ನು ತಲೆಯೆಣಿಕೆಯಿಂದ ಅಳೆಯಲಾಗದು. ತಳಿಶಾಸ್ತ್ರದ ಲೆಕ್ಕದಲ್ಲಿ ಹಸುಗಳ ಸಂಖ್ಯೆಯನ್ನು ಹೋರಿಗಳ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ೧೦೦ ಹಸುಗಳಿಗೆ ಒಂದೇ ಬೀಜದ ಹೋರಿಯಿದ್ದರೆ ಮಂದೆಯ ಪರಿಣಾಮಕಾರಿ ಸಂಖ್ಯೆ ಸುಮಾರು ೪ ಮಾತ್ರ. ಒಳಸಂಬಂಧ ಪ್ರತಿ ತಲೆಮಾರಿಗೂ ಶೇಕಡ ೧೨ಕ್ಕೂ ಮೇಲ್ಪಟ್ಟು ಏರುತ್ತದೆ. ಅದೇ ಮಂದೆಯಲ್ಲಿ ೫ ಹೋರಿಗಳಿದ್ದರೆ ಆ ಸಂಖ್ಯೆ ೧೯ಕ್ಕೆ ಏರಿ, ಒಳಸಂಬಂಧದ ಏರಿಕೆ ಶೇಕಡ ೩ಕ್ಕಿಂತ ಕೆಳಗಿಳಿಯುತ್ತದೆ. ಮೇವಿನ ಅಭಾವದಿಂದ ಹೋರಿಗಳ ಸಂಖ್ಯೆ ಇಳಿದಾಗ ನಷ್ಟವಾಗುವುದು ಕೆಲವು ತಲೆಗಳಲ್ಲ, ಒಂದೊಂದು ಪಿತೃಶಾಖೆ. ಒಮ್ಮೆ ಕಳೆದುಹೋದ ಶಾಖೆಯನ್ನು ಮರಳಿ ಪಡೆಯುವ ಉಪಾಯವಿಲ್ಲ.

ಆದಕಾರಣ ಈ ಐದು ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವ ವಿದ್ಯಾರ್ಥಿಗಳು ಶಾಸನದ ಪಡಿಯಚ್ಚನ್ನು ತೆಗೆಯುವಷ್ಟೇ ಶ್ರದ್ಧೆಯಿಂದ ಮಂದೆಗಳ ವೃತ್ತಾಂತವನ್ನೂ ಬರೆದುಕೊಳ್ಳಬೇಕು. ಯಾವ ಹೋರಿ ಯಾವ ಹಟ್ಟಿಯಿಂದ ಬಂದಿತು, ಬರಗಾಲದಲ್ಲಿ ಮಂದೆ ಎತ್ತ ಸಾಗಿತು, ಯಾವ ಹಸುವಿನ ಸಂತಾನ ಉಳಿಯಿತು ಎಂಬುದು ಕಿಲಾರಿಗಳ ಮತ್ತು ಕುರಿಗಾಹಿಗಳ ನೆನಪಿನಲ್ಲಿ ಇದೆ. ಪಾಲಕರ ಒಪ್ಪಿಗೆಯಿಂದ ಪಡೆದ ಮಾದರಿಗಳನ್ನು ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಕೇಂದ್ರದಂಥ ಸಂಸ್ಥೆಗಳು ಪರೀಕ್ಷಿಸಬಲ್ಲವು; ಆದರೆ ಮಾದರಿಯ ಜೊತೆಗೆ ಈ ವೃತ್ತಾಂತವಿಲ್ಲದಿದ್ದರೆ ದೊರೆಯುವುದು ಕಾಲಸ್ಥಳಗಳ ಉಲ್ಲೇಖವಿಲ್ಲದ ತ್ರುಟಿತ ಶಾಸನದಂಥ ಪಾಠ ಮಾತ್ರ. ಪ್ರಯೋಗಶಾಲೆಗೆ ಆ ಉಲ್ಲೇಖವನ್ನು ಒದಗಿಸುವುದು ಇತಿಹಾಸ ವಿಭಾಗಗಳ ಕರ್ತವ್ಯ. ಬಲ್ಲ ಹಿರಿಯರೂ ಮಂದೆಗಳೂ ಇನ್ನೂ ಇರುವಾಗಲೇ ಆ ಕೆಲಸ ನಡೆಯತಕ್ಕದ್ದು.