ಬೆಂಕಿಕಡ್ಡಿಯಷ್ಟು ಯುದ್ಧನೌಕೆ

ನನ್ನ ಮೇಜಿನ ಮೇಲೆ ಈಗ ಒಂದು ಹಡಗಿದೆ. ಬೆಂಕಿಕಡ್ಡಿಯಷ್ಟು ಉದ್ದ. ಹೆಸರು ಹುಡ್. ಬ್ರಿಟನ್ನಿನ ನಿಜವಾದ ಹುಡ್ 262 ಮೀಟರ್ ಇತ್ತು. 1941ರ ಮೇ 24ರಂದು ಜರ್ಮನಿಯ ಬಿಸ್ಮಾರ್ಕ್ ಎದುರು, ಕಾದಾಟ ಶುರುವಾದ ಕೆಲವೇ ನಿಮಿಷಕ್ಕೆ ಸ್ಫೋಟಿಸಿ ಮುಳುಗಿತು. ಹಡಗಿನಲ್ಲಿದ್ದವರು 1,418 ಜನ. ಬದುಕಿದ್ದು ಮೂವರು.

ಇಂಥ ಹಡಗನ್ನ ಆಟದ ಕಾಯಿ ಮಾಡಿ ಆಡ್ತಾರೆ ಅಂದಾಗ ನನಗೂ ಮೊದಲು ಕಸಿವಿಸಿ ಆಗಿತ್ತು. ಆದ್ರೆ ಈ ಕಾಯಿಗಳ ಕಥೆ ಬರೀ ಆಟದ ಕಥೆ ಅಲ್ಲ.

ಮೊದಲು, ಇಷ್ಟು ಪುಟ್ಟದು ಯಾಕೆ? ಲೆಕ್ಕ ಹಾಕೋಣ, ಕಾಮರ್ಸ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ. ಆವತ್ತು ಹುಡ್ ಗುಂಡು ಹಾರಿಸೋಕೆ ಶುರು ಮಾಡಿದ್ದು ಸುಮಾರು 24 ಕಿಲೋಮೀಟರ್ ದೂರದಿಂದ. 1:1200 ಅಳತೆಯಲ್ಲಿ, ಅಂದ್ರೆ ನೂರು ಅಡಿಗೆ ಒಂದು ಇಂಚಿನಂತೆ, ಹಡಗು 22 ಸೆಂಟಿಮೀಟರ್ ಆಗುತ್ತೆ. ನೋಡೋಕೆ ಚಂದ. ಆದ್ರೆ ಆ ದೂರ 20 ಮೀಟರ್! ಮದುವೆ ಛತ್ರವೇ ಬೇಕು. ತಮಾಷೆ ಅಲ್ಲ, ನ್ಯೂಯಾರ್ಕಿನ ಲೇಖಕ ಫ್ಲೆಚರ್ ಪ್ರಾಟ್ 1930ರ ದಶಕದಲ್ಲಿ ಮರದ ಹಡಗು ಕೆತ್ತಿ ಮನೆಯ ನೆಲದ ಮೇಲೆ ಆಡ್ತಿದ್ದ ಆಟ, ಜನ ಹೆಚ್ಚಾಗಿ ನಿಜಕ್ಕೂ ದೊಡ್ಡ ಹಾಲ್‌ಗೆ ಹೋಗಬೇಕಾಯ್ತು. 1:6000ಕ್ಕೆ ಇಳಿಸಿದ್ರೆ ಹಡಗು ಬೆಂಕಿಕಡ್ಡಿ, ದೂರ ನಾಲ್ಕು ಮೀಟರ್. ಆಗಲೂ ಊಟದ ಮೇಜು ಸಾಲಲ್ಲ. ಅದಕ್ಕೇ ಹೆಚ್ಚಿನವರು ಹಡಗಿಗೆ ಒಂದು ಅಳತೆ, ಸಮುದ್ರಕ್ಕೆ ಇನ್ನೂ ಚಿಕ್ಕ ಅಳತೆ ಇಟ್ಟುಕೊಳ್ತಾರೆ.

ಈಗ ಲಿವರ್‌ಪೂಲ್‌ಗೆ ಬನ್ನಿ. 1942ರ ಜನವರಿ. ಅಟ್ಲಾಂಟಿಕ್‌ನಲ್ಲಿ ಜರ್ಮನ್ ಸಬ್‌ಮರೀನ್‌ಗಳು ಬ್ರಿಟನ್ನಿಗೆ ಅನ್ನ, ಎಣ್ಣೆ ತರೋ ಹಡಗುಗಳನ್ನ ಮುಳುಗಿಸ್ತಿವೆ. ಕ್ಷಯ ಬಂತು ಅಂತ ನೌಕಾಪಡೆ ಹಿಂದೆ ಮನೆಗೆ ಕಳಿಸಿದ್ದ ಗಿಲ್ಬರ್ಟ್ ರಾಬರ್ಟ್ಸ್ ಅನ್ನೋ ಅಧಿಕಾರಿಗೆ ಡರ್ಬಿ ಹೌಸ್‌ನಲ್ಲಿ ಜಾಗ ಕೊಟ್ಟು, ಇದಕ್ಕೊಂದು ದಾರಿ ಹುಡುಕು ಅಂದರು. ಜೊತೆಗೆ ಕೊಟ್ಟಿದ್ದು ನೌಕಾಪಡೆಯ ಮಹಿಳಾ ವಿಭಾಗದ ಎಳೆ ವಯಸ್ಸಿನ ಹುಡುಗಿಯರನ್ನ. ಯಾರೂ ಯುದ್ಧ ಕಂಡವರಲ್ಲ. ನೆಲಕ್ಕೆ ಲಿನೋಲಿಯಂ ಹಾಸಿ ಚೌಕ ಎಳೆದರು, ಪುಟಾಣಿ ಹಡಗು ಇಟ್ಟರು, ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಾ ಆಡಿದರು. ಬೆಂಗಾವಲು ಹಡಗಿಗೆ ಬಿಳಿ, ಸಬ್‌ಮರೀನ್‌ಗೆ ಹಸಿರು. ಬೆಂಗಾವಲು ಕಮಾಂಡರ್ ಕೂರೋದು ಪರದೆಯ ಹಿಂದೆ. ಸಣ್ಣ ಕಿಂಡಿಯಿಂದ ನೋಡಬೇಕು, ಅಲ್ಲಿಂದ ಹಸಿರು ಗೆರೆ ಕಾಣಲ್ಲ.

ಹಿಂದಿನ ಡಿಸೆಂಬರಿನ ಎಚ್‌ಜಿ 76 ಅನ್ನೋ ಹಡಗುಗಳ ಸಾಲನ್ನ ನೆಲದ ಮೇಲೆ ಮತ್ತೆ ನಡೆಸಿದಾಗ ಲೆಕ್ಕ ತಾಳೆ ಆಗಲಿಲ್ಲ. ಸಬ್‌ಮರೀನ್ ಹೊರಗಡೆ ದೂರದಲ್ಲಿದೆ ಅಂತ ಎಲ್ಲರೂ ನಂಬಿದ್ದರು. ಆದ್ರೆ ಹಾಗೆ ಇಟ್ಟರೆ ಟಾರ್ಪೆಡೊ ಬಡಿದ ಜಾಗ ಹೊಂದೋದೇ ಇಲ್ಲ. ಹೊಂದೋದು ಒಂದೇ ರೀತಿ: ಅದು ರಾತ್ರಿ ಹಿಂದಿನಿಂದ ನೀರಿನ ಮೇಲೇ ಬಂದು, ಸಾಲುಗಳ ಒಳಗೇ ನುಗ್ಗಿ ಹೊಡೆದಿದೆ. ಆಮೇಲೆ ಮುಳುಗಿ, ಹಡಗುಗಳೆಲ್ಲ ಮುಂದೆ ಹೋಗೋವರೆಗೆ ಕಾದಿದೆ. ಹಾಗಾದ್ರೆ ಬೆಂಗಾವಲು ಹೊರಗೆ ಓಡಬಾರದು, ಹಿಂದಕ್ಕೆ ಸರಿದು ಅಲ್ಲೇ ಜಾಲಾಡಬೇಕು. ಈ ತಂತ್ರಕ್ಕೆ ಜೀನ್ ಲೇಡ್ಲಾ ಅನ್ನೋ ಹುಡುಗಿ ‘ರಾಸ್ಪ್‌ಬೆರಿ’ ಅಂತ ಹೆಸರಿಟ್ಟಳು. ಇಂಗ್ಲಿಷರ ಆಡುಮಾತಿನಲ್ಲಿ ಅದು ನಾಲಿಗೆ ಚಾಚಿ ಅಣಕಿಸೋ ಸದ್ದು. ಅಣಕ ಹಿಟ್ಲರ್‌ಗೆ. ಯುದ್ಧ ಮುಗಿಯೋ ಹೊತ್ತಿಗೆ ಸುಮಾರು 5,000 ಅಧಿಕಾರಿಗಳು ಆ ನೆಲದ ಮೇಲೆ ಪಾಠ ಕಲಿತಿದ್ದರು.

ಇವತ್ತು ಹವ್ಯಾಸಿಗಳಿಗೆ ಹಡಗು ಸಿಗೋದು ಎರಡು ದಾರಿಯಲ್ಲಿ. ಒಂದು, ಇಂಗ್ಲೆಂಡ್, ಅಮೆರಿಕದ ಸಣ್ಣ ಕಂಪನಿಗಳ ಲೋಹದ ಎರಕ. ಹಡಗಿಗಿಂತ ಅಂಚೆ ಖರ್ಚೇ ಜಾಸ್ತಿ. ಇನ್ನೊಂದು, ಫೈಲ್ ತಗೊಂಡು ರೆಸಿನ್‌ನಲ್ಲಿ ತ್ರೀಡಿ ಪ್ರಿಂಟ್ ಹಾಕಿಸೋದು. ನಾನು ಮಾಡಿಸಿದ್ದು ಅದೇ. ಫಿರಂಗಿ ನಳಿಗೆ ನಿಜವಾದ ಅಳತೆಗೆ ಇಳಿಸಿದ್ರೆ ತಲೆಗೂದಲಿನಷ್ಟಾಗುತ್ತೆ, ಮುಟ್ಟಿದ್ರೆ ಮುರಿಯುತ್ತೆ. ಅದಕ್ಕೆ ಫೈಲ್ ಮಾಡೋರು ಬೇಕಂತಲೇ ದಪ್ಪ ಮಾಡ್ತಾರೆ.

ಹಾಗಾಗಿ ಹಡಗನ್ನ ಹಿಡಿಯಬಾರದು, ಬೇಸ್ ಹಿಡಿಯಬೇಕು. ತೆಳು ಅಕ್ರಿಲಿಕ್ ಪಟ್ಟಿ ಸಾಕು, ಅಡಿಗೆ ಮ್ಯಾಗ್ನೆಟ್ ಶೀಟ್ ಅಂಟಿಸಿದ್ರೆ ತಗಡಿನ ಡಬ್ಬಿಯಲ್ಲಿ ಅಲುಗಾಡಲ್ಲ. ಕಡು ಬೂದು ನೀಲಿ ಬಣ್ಣ ಹಚ್ಚಿ, ಹಡಗಿನ ಹಿಂದೆ ಒಂದೆಳೆ ಬಿಳಿ ನೊರೆ. ಪೋಸ್ಟ್‌ಕಾರ್ಡಿನ ಗೋವಾ ನೀಲಿ ಬೇಡ, ಅದು ಉತ್ತರ ಅಟ್ಲಾಂಟಿಕ್. ಮುಖ್ಯವಾಗಿ ಬೇಸ್ ಅಂಚಿನ ಮಧ್ಯದಲ್ಲಿ ಒಂದು ಚುಕ್ಕೆ ಇಡಿ. ಸಮುದ್ರದ ಅಳತೆಗೆ ಹಡಗೇ ದೈತ್ಯ ಅಲ್ವಾ? ಮೂತಿಯಿಂದ ಅಳೆದರೋ ಬಾಲದಿಂದ ಅಳೆದರೋ ಅಂತ ಜಗಳ ಗ್ಯಾರಂಟಿ.

ಉಳಿದಿದ್ದು ಹೆಸರು. ಎಲ್ಲರೂ ಬೇಸ್ ಮೇಲೆ ಬರೀತಾರೆ. ನನಗೆ ಅಲ್ಲೇ ತಕರಾರು. ಆ ಬೆಳಿಗ್ಗೆ ಬಿಸ್ಮಾರ್ಕ್ ಮುಂದೆ ಪ್ರಿನ್ಜ್ ಆಯ್ಗನ್ ಅನ್ನೋ ಕ್ರೂಸರ್ ಇತ್ತು. ದೂರದಿಂದ ಎರಡರ ಆಕಾರವೂ ಒಂದೇ ಥರ. ಹುಡ್ ಮುಂದಿದ್ದದ್ದೇ ಬಿಸ್ಮಾರ್ಕ್ ಅಂದುಕೊಂಡು ಅದರ ಮೇಲೆ ಗುರಿ ಇಟ್ಟಿತು. ಹಡಗುಗಳ ಆಕಾರ ಗುರುತಿಸೋ ಪುಸ್ತಕ ಆಗಲೇ 43 ವರ್ಷ ಹಳೆಯದು. ಫ್ರೆಡ್ ಜೇನ್ ಅನ್ನೋ ಇಂಗ್ಲಿಷರವನು ತನ್ನದೇ ನೌಕಾಯುದ್ಧದ ಆಟಕ್ಕೆ ಜೊತೆಯಾಗಲಿ ಅಂತ 1898ರಲ್ಲಿ ಶುರು ಮಾಡಿದ್ದು ಅದು. ಅಷ್ಟಿದ್ದೂ ತಪ್ಪಾಯ್ತು.

ನಾನು ಮೂರೂ ಹಡಗಿನ ಹೆಸರನ್ನ ಬೇಸ್ ಕೆಳಗೆ ಅಂಟಿಸಿದೀನಿ. ಎತ್ತಿ ನೋಡಬೇಕು ಅಂದ್ರೆ ಆಟ ಮುಗಿದಿರಬೇಕು.