ಕೆಂಪು ಸಮುದ್ರದ ಮೀನುಗಳು ಮತ್ತು ಫೋರ್ಸ್ಕೋಲನ ನಾಮಕರಣ

ಬೆಸ್ತರು ತಲೆತಲಾಂತರದಿಂದ ಹಿಡಿದು, ಮಾರಿ, ಉಂಡ ಮೀನೊಂದನ್ನು ಪ್ರಾಣಿಶಾಸ್ತ್ರಜ್ಞನು 'ಹೊಸ ಪ್ರಭೇದ'ವೆಂದು ಕರೆಯುವುದು ಯಾವ ಅರ್ಥದಲ್ಲಿ? ಈ ಪ್ರಶ್ನೆಯನ್ನು ಪರಿಶೀಲಿಸಲು 18ನೆಯ ಶತಮಾನದ ಕೆಂಪು ಸಮುದ್ರದ ಮತ್ಸ್ಯಶೋಧನೆಗಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ.

ಪೀಟರ್ ಫೋರ್ಸ್ಕೋಲ್ 1732ರಲ್ಲಿ ಹೆಲ್ಸಿಂಕಿಯಲ್ಲಿ ಜನಿಸಿದವನು; ಲಿನೇಯಸನ ಶಿಷ್ಯ. 1759ರಲ್ಲಿ ಪೌರಸ್ವಾತಂತ್ರ್ಯವನ್ನು ಕುರಿತು ಈತ ಪ್ರಕಟಿಸಿದ ಕಿರುಹೊತ್ತಗೆಯನ್ನು ಸ್ವೀಡನ್ನಿನ ಸರ್ಕಾರವು ಮುಟ್ಟುಗೋಲು ಹಾಕಿಕೊಂಡಿತೆಂಬುದನ್ನು ನೆನೆದರೆ, ಆತ ಯಾವ ಸ್ವಭಾವದವನೆಂಬುದು ತಿಳಿದೀತು. ಡೆನ್ಮಾರ್ಕಿನ ದೊರೆ ಐದನೆಯ ಫ್ರೆಡರಿಕನು ಅರೇಬಿಯಕ್ಕೆ ಕಳುಹಿಸಿದ ಆರು ಜನರ ತಂಡದಲ್ಲಿ ನಿಸರ್ಗಶಾಸ್ತ್ರಜ್ಞನಾಗಿ ಆತ 1761ರ ಜನವರಿಯಲ್ಲಿ ಕೋಪನ್‌ಹೇಗನ್ನನ್ನು ಬಿಟ್ಟನು. 1762ರ ಅಕ್ಟೋಬರಿನಲ್ಲಿ ಸೂಯೆಜ್‌ನಿಂದ ಹೊರಟ ಹಡಗು ಜೆಡ್ಡಾದ ಮಾರ್ಗವಾಗಿ ಆ ವರ್ಷಾಂತ್ಯಕ್ಕೆ ಯೆಮನ್ನಿನ ಲುಹಯ್ಯಾ ಬಂದರನ್ನು ಮುಟ್ಟಿತು.

ಆತನ ಕಾರ್ಯವಿಧಾನವು ಗಮನಾರ್ಹವಾದುದು. ಮೀನನ್ನು ಸೀಳಿ, ಒಂದು ಪಾರ್ಶ್ವದ ಚರ್ಮವನ್ನು ಈಜುರೆಕ್ಕೆಗಳ ಸಮೇತ ಒಣಗಿಸಿ, ಗಿಡದ ಎಲೆಯನ್ನು ಅಂಟಿಸುವಂತೆಯೇ ಕಾಗದಕ್ಕೆ ಅಂಟಿಸಿಡುತ್ತಿದ್ದನು. ಸಸ್ಯಶಾಸ್ತ್ರಜ್ಞನ ಅಭ್ಯಾಸವು ಸಮುದ್ರದಲ್ಲಿಯೂ ಬಿಡಲಿಲ್ಲವೆನ್ನಬೇಕು! ಒಣಗಿದ ಚರ್ಮದಲ್ಲಿ ಬಣ್ಣ ನಿಲ್ಲದು. ಆದ್ದರಿಂದ ಬಣ್ಣವನ್ನೂ ರೆಕ್ಕೆಯ ಕಡ್ಡಿಗಳ ಎಣಿಕೆಯನ್ನೂ ಬರೆದಿಡುವುದು ಅವಶ್ಯವಾಗಿದ್ದಿತು. ಹೆಸರಿಡುವಲ್ಲಿ ಆತನು ಲಿನೇಯಸನ ದ್ವಿನಾಮ ಪದ್ಧತಿಯನ್ನು ಅನುಸರಿಸಿದರೂ, ಎರಡನೆಯ ಪದಕ್ಕಾಗಿ ಅನೇಕ ಕಡೆ ಲ್ಯಾಟಿನ್ನನ್ನು ಆಶ್ರಯಿಸದೆ ಕರಾವಳಿಯ ಅರಬ್ಬೀ ಹೆಸರನ್ನೇ ಉಳಿಸಿಕೊಂಡನು. ಬೋಹರ್, ಹರಕ್, ಸೊಹಾಲ್, ಹಮ್ರೂರ್—ಇವೆಲ್ಲ ಬೆಸ್ತರ ಬಾಯಿಂದ ಬಂದ ಮಾತುಗಳು. ಕೆಂಪು ಮೈಯ, ದೊಡ್ಡ ಕಣ್ಣಿನ ಹಮ್ರೂರ್ ಮೀನು ನಮ್ಮ ಮಂಗಳೂರು, ಮಲ್ಪೆಗಳ ಟ್ರಾಲ್ ಬಲೆಗಳಿಗೂ ಬೀಳುತ್ತದೆ. ಇಲ್ಲಿ ಹಿಡಿದ ಮೀನಿಗೂ ವಿಜ್ಞಾನವು ಇಟ್ಟಿರುವುದು ಆ ಅರಬ್ಬೀ ಹೆಸರನ್ನೇ.

1763ರ ಜುಲೈ 11ರಂದು ಯರೀಮ್ ಪಟ್ಟಣದಲ್ಲಿ ಫೋರ್ಸ್ಕೋಲನು ಮಲೇರಿಯಾದಿಂದ ಮೃತನಾದನು. ವಯಸ್ಸು ಮೂವತ್ತೊಂದು. ಭಾಷಾಪಂಡಿತ ಫಾನ್ ಹಾವನ್ ಅದಕ್ಕೆ ಮುನ್ನವೇ ತೀರಿಕೊಂಡಿದ್ದನು; ಚಿತ್ರಕಾರನೂ ಸೇವಕನೂ ಮುಂಬಯಿಯ ಹಾದಿಯಲ್ಲಿ ಹಡಗಿನಲ್ಲಿಯೇ ಅಸುನೀಗಿದರು; ವೈದ್ಯ ಕ್ರಾಮರನು 1764ರಲ್ಲಿ ಮುಂಬಯಿಯಲ್ಲಿ ಮಡಿದನು. ಉಳಿದವನು ಭೂಮಾಪಕ ಕಾರ್ಸ್ಟನ್ ನೀಬೂರ್ ಒಬ್ಬನೇ. ಪ್ರಾಣಿಶಾಸ್ತ್ರವು ಈತನ ವಿಷಯವಲ್ಲ. ಆದರೂ ಗೆಳೆಯನ ಟಿಪ್ಪಣಿಗಳನ್ನು 1775ರಲ್ಲಿ ಲ್ಯಾಟಿನ್ ಗ್ರಂಥವಾಗಿ ಕೋಪನ್‌ಹೇಗನ್ನಿನಲ್ಲಿ ಅಚ್ಚು ಹಾಕಿಸಿದನು.

ಇಲ್ಲಿ ಕಾಲನಿರ್ಣಯದ ತೊಡಕೊಂದಿದೆ. ಮೀನನ್ನು ಕಂಡು ವರ್ಣಿಸಿದ್ದು 1762-63ರಲ್ಲಿ. ಶಾಸ್ತ್ರದ ಪ್ರಕಾರ ಅದರ ಹೆಸರು ಹುಟ್ಟಿದ್ದು 1775ರಲ್ಲಿ. ಏಕೆಂದರೆ ಪ್ರಕಟವಾಗದ ವರ್ಣನೆಗೆ ಶಾಸ್ತ್ರದಲ್ಲಿ ಮಾನ್ಯತೆಯಿಲ್ಲ. ನನ್ನ ಅಭಿಪ್ರಾಯದಲ್ಲಿ 'ಹೊಸದು' ಎಂಬುದರ ಅರ್ಥವೂ ಇದರಲ್ಲೇ ಅಡಗಿದೆ: ಬೆಸ್ತನ ಅರಿವು ಆ ಕರಾವಳಿಯಲ್ಲಿ ಸಾಕಾಗಿದ್ದಿತು, ಆ ಮೀನನ್ನೇ ಕಾಣದ ದೂರದವನೂ ಓದಿ, ತನ್ನ ಕೈಯಲ್ಲಿರುವ ಮೀನಿನೊಡನೆ ಹೋಲಿಸಿ ನೋಡಬಲ್ಲ ರೂಪಕ್ಕೆ ಅದನ್ನು ತಂದುದಷ್ಟೇ ಹೊಸದು. ಅದೇನೂ ಅಲ್ಪ ಕೆಲಸವಲ್ಲ. ಆದರೆ 'ಕಂಡುಹಿಡಿದನು' ಎಂಬ ಮಾತು ಅದಕ್ಕೆ ಸ್ವಲ್ಪ ದೊಡ್ಡದಾಯಿತು.

ಕರ್ತೃತ್ವದ ವಿಚಾರವಂತೂ ಇನ್ನೂ ಜಟಿಲ. ಕಾಗದಕ್ಕೆ ಅಂಟಿಸಿದ ಆ ಮೀನುಗಳಲ್ಲಿ ಅನೇಕವು ಕೋಪನ್‌ಹೇಗನ್ನಿನ ಸಂಗ್ರಹದಲ್ಲಿ ಉಳಿದಿವೆ. ಕ್ಲೌಸೆವಿಟ್ಸ್ ಮತ್ತು ನೀಲ್ಸನ್ 1965ರಲ್ಲಿ ಅವುಗಳ ವಿವರಣೆಯನ್ನು ಪ್ರಕಟಿಸಿದರು. 2008ರಲ್ಲಿ ರೊನಾಲ್ಡ್ ಫ್ರಿಕೆ ಎಂಬ ಮತ್ಸ್ಯಶಾಸ್ತ್ರಜ್ಞನು ಆ ಗ್ರಂಥದ ಹೆಸರುಗಳಲ್ಲಿ ಫೋರ್ಸ್ಕೋಲನವು ಯಾವುವು, ಫಾಬ್ರೀಸಿಯಸನವು ಯಾವುವು ಎಂಬ ಚರ್ಚೆಯನ್ನೆತ್ತಿದನು. ಹಮ್ರೂರ್ ಎಂಬ ಮಾತನ್ನು ಆಡಿ ತೋರಿಸಿದ ಬೆಸ್ತನು ಆ ಚರ್ಚೆಯ ಪಕ್ಷಗಾರರಲ್ಲಿ ಸೇರಿಲ್ಲ.